ಕೂತು ತಿನ್ನುವವನ ರುಜುವಾತು

ವೀಸಾ ಏಜೆಂಟ್ ಹೇಳಿದ್ದು ಒಂದೇ ಮಾತು. "ನಿಮ್ಮದು ನಿಷ್ಕ್ರಿಯ ಆದಾಯ ಅಂತ ಬ್ಯಾಂಕಿನಿಂದ ಒಂದು ಪತ್ರ ತನ್ನಿ. ಮಿಕ್ಕಿದ್ದು ನನಗೆ ಬಿಡಿ." ಬಿಟ್ಟ ಪೈಪಣ್ಣ. ಬಿಟ್ಟಿದ್ದಕ್ಕೆ ಏನೇನಾಯಿತು ಅನ್ನುವುದನ್ನು ಹೇಳಲು ಹೊರಟರೆ ಆ ಏಜೆಂಟನನ್ನು ಕರೆದು ನಾಲ್ಕು ಬಿಗಿಯಬೇಕು ಅನ್ನಿಸುತ್ತದೆ. ಇರಲಿ, ಅವನ ವಿಚಾರ ಆಮೇಲೆ.

ಪೈಪಣ್ಣ ನಲ್ಲಿ, ಪೈಪು, ಟ್ಯಾಂಕು ಅಂತಲೇ ತಲೆ ನರೆಸಿಕೊಂಡವನು. ಮದುವೆ ಗಿದುವೆ ಅಂತ ತಲೆ ಕೆಡಿಸಿಕೊಳ್ಳಲಿಲ್ಲ. ದುಡಿದದ್ದನ್ನೆಲ್ಲ ಸುರಿದು ಮೂರು ಅಂತಸ್ತಿನ ಒಂದು ಕಿರಿದಾದ ಮನೆ ಕಟ್ಟಿಸಿ, ಕೆಳಗೆ ತಾನಿದ್ದುಕೊಂಡು ನಡುವಿನದನ್ನು ಒಬ್ಬ ಟೈಲರಮ್ಮನಿಗೆ, ಮೇಲಿನದನ್ನು ಒಬ್ಬ ಮೇಷ್ಟ್ರಿಗೆ ಬಾಡಿಗೆಗೆ ಕೊಟ್ಟಿದ್ದ. ಈಗ ಹೊರಗಿನ ಕೆಲಸ ಬಿಟ್ಟಿದ್ದರೂ ಆ ಮನೆಯ ಒಂದು ವಾಷರ್ ಸವೆದರೂ ಅವನಿಗೆ ನಿದ್ದೆ ಬಾರದು.

ಅವನನ್ನು ಸಾಕಿದ್ದು ಅಕ್ಕ. ಅವ್ವ ಹೋದಾಗ ಅವನಿನ್ನೂ ಅಂಗಿ ಗುಂಡಿ ಹಾಕಿಕೊಳ್ಳಲು ಬಾರದ ಹುಡುಗ. ತಂಗಿಯಂತೂ ತೊಟ್ಟಿಲಲ್ಲಿದ್ದಳು. ಇಬ್ಬರನ್ನೂ ಕಟ್ಟಿಕೊಂಡು ಹೆಣಗಿದ ಅಕ್ಕನ ಬಾಯಲ್ಲಿ ಯಾವಾಗಲೂ ಒಂದೇ ಗಾದೆ: ಕೂತು ತಿಂದರೆ ಕುಡಿಕೆ ಹೊನ್ನೂ ಸಾಲದು. ಇವನು ಪೈಪು ತಿರುಗಿಸುವ ಪಾನಾ ಹಿಡಿದು ನಾಲ್ಕು ಕಾಸು ಕಂಡ ಮೇಲೆಯೇ ಅವಳು ಮದುವೆಯಾಗಿ ಕಡಲಾಚೆಯ ದೇಶ ಸೇರಿದ್ದು. ಈಗ ಅಲ್ಲಿ ಭಾವ ಇಲ್ಲ, ಮಕ್ಕಳಾಗಲಿಲ್ಲ, ಮೇಲಾಗಿ ಮರೆವು ಹತ್ತಿಕೊಂಡಿದೆ. ಪಕ್ಕದ ಮನೆಯಾಕೆ ಊಟ ಕೊಟ್ಟು ನೋಡಿಕೊಳ್ಳುತ್ತಾಳೆ. ಆಕೆಯೇ ಹೇಳಿದ್ದು, "ಬರೋದಾದ್ರೆ ಬೇಗ ಬನ್ನಿ. ನಿಮ್ಮನ್ನ ಗುರುತು ಹಿಡಿಯೋವಾಗ್ಲೇ ಬನ್ನಿ" ಅಂತ.

ಫೋನು ಮಾಡಿದರೆ ಅಕ್ಕನ ಮೊದಲ ಪ್ರಶ್ನೆ ಯಾವತ್ತೂ ಬದಲಾಗದು. "ಏನ್ ಮಾಡ್ತಿದ್ದೀಯೋ?"

"ನಲ್ಲಿ ರಿಪೇರಿ ಕಣಕ್ಕ."

"ಹಾಂ, ನೀನೇ ಹಾಗಾದ್ರೆ" ಅನ್ನುತ್ತಾಳೆ. ಆಮೇಲೆಯೇ ಮಿಕ್ಕ ಮಾತು. ಕೆಲವು ದಿನ ಮಿಕ್ಕ ಮಾತೂ ಇರುವುದಿಲ್ಲ, ಅಷ್ಟಕ್ಕೇ ಸಮಾಧಾನ.

ಪೈಪಣ್ಣ ಬ್ಯಾಂಕಿಗೆ ಹೋದ. ಗಾಜಿನ ಹಿಂದಿದ್ದ ಗುಮಾಸ್ತೆಗೆ ಏಜೆಂಟ್ ಹೇಳಿಕೊಟ್ಟ ಪದವನ್ನು ತಪ್ಪದೆ ಒಪ್ಪಿಸಿದ. "ನಂದು ನಿಷ್ಕ್ರಿಯ ಅಂತ ಆಗ್ಬೇಕಮ್ಮ."

ಬ್ಯಾಂಕಿನವರಿಗೆ ನಿಷ್ಕ್ರಿಯ ಅಂದರೆ ಒಂದೇ ಅರ್ಥ. ಯಾರೂ ಮುಟ್ಟದೆ ನಿದ್ದೆ ಹೋದ ಖಾತೆ. ಆಕೆ ಕಂಪ್ಯೂಟರ್ ನೋಡಿ, "ನಿಮ್ಮ ಖಾತೆ ಚೆನ್ನಾಗಿ ನಡೀತಿದೆಯಲ್ಲ?" ಅಂದಳು.

"ನಡೀಬಾರ್ದಂತೆ. ಪೂರ್ತಿ ನಿಷ್ಕ್ರಿಯವೇ ಇರ್ಬೇಕಂತೆ. ಇಲ್ಲಾಂದ್ರೆ ವೀಸಾ ಕೊಡಲ್ಲ."

"ಯೋಚನೆ ಮಾಡಿದ್ದೀರಾ?"

"ಅಕ್ಕನ ಹತ್ರ ಹೋಗೋಕೆ ಯೋಚನೆ ಏನಮ್ಮ."

ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜಾತಿ ಇವರಿಬ್ಬರೂ. ಆಕೆ ಖಾತೆ ನಿಲ್ಲಿಸುವ ಅರ್ಜಿ ಕೊಟ್ಟಳು, ಈತ ರುಜು ಹಾಕಿದ. ಖಾತೆ ನಿಂತಿತು. ಬ್ಯಾಂಕಿನಿಂದ ಹೊರಗೆ ಬರುವಾಗ ಪೈಪಣ್ಣನಿಗೆ ಅರ್ಧ ವಿಮಾನ ಹತ್ತಿದಷ್ಟು ಖುಷಿ.

ತಿಂಗಳ ಮೊದಲ ವಾರ ಟೈಲರಮ್ಮ ಮೆಟ್ಟಿಲಿಳಿದು ಬಂದಳು. ಕೊರಳಲ್ಲಿ ಅಳತೆ ಟೇಪು, ಮುಖದಲ್ಲಿ ಗಾಬರಿ. "ಪೈಪಣ್ಣ, ಬಾಡಿಗೆ ಕಳಿಸಿದ್ರೆ ವಾಪಸ್ ಬರ್ತಾ ಇದೆ. ನಮ್ಮನ್ನ ಮನೆ ಬಿಡಿಸ್ತೀಯಾ?"

ಅವನು ಬಾಯಿ ತೆರೆಯುವಷ್ಟರಲ್ಲಿ ಮೇಷ್ಟ್ರೂ ಇಳಿದರು. ಅವರದೂ ವಾಪಸ್ಸು ಬಂದಿತ್ತು. "ನೇರವಾಗಿ ಹೇಳಬಹುದಿತ್ತು" ಅಂದರು ಮೇಷ್ಟ್ರು, ಬೇಜಾರಿನಲ್ಲಿ. ಪೈಪಣ್ಣ ಇಬ್ಬರ ಮುಖವನ್ನೂ ನೋಡಿದ. ಬಾಡಿಗೆ ಕೊಡದವರನ್ನು ಕಂಡಿದ್ದ, ತಡ ಮಾಡುವವರನ್ನು ಕಂಡಿದ್ದ. ಕೊಟ್ಟರೂ ಬಾರದ ಬಾಡಿಗೆಯನ್ನು ಮಾತ್ರ ಅವನು ಜನ್ಮದಲ್ಲಿ ಕಂಡಿರಲಿಲ್ಲ.

ಗಂಟು ಬಿಡಿಸಿದ್ದು ತಂಗಿ ಮಗಳು. ಹಿಂದಿನ ಬೀದಿಯ ಔಷಧದ ಅಂಗಡಿಯಲ್ಲಿ ಕೆಲಸ, ಮಾವ ಅಂದರೆ ಪ್ರಾಣ, ಬೈಯುವುದರಲ್ಲಿ ಮಾತ್ರ ದೊಡ್ಡಮ್ಮನ ಪಡಿಯಚ್ಚು. ಬ್ಯಾಂಕಿನ ಕಾಗದ ಓದಿ ಹಣೆ ಚಚ್ಚಿಕೊಂಡಳು.

"ಮಾವ, ನಿಂತಿರೋ ಖಾತೆಗೆ ದುಡ್ಡು ಹೇಗೆ ಬರುತ್ತೆ? ವೀಸಾದವರು ಕೇಳಿರೋದು ಖಾತೆ ನಿಷ್ಕ್ರಿಯ ಇರ್ಬೇಕು ಅಂತಲ್ಲ. ನೀನು ನಿಷ್ಕ್ರಿಯ ಇರ್ಬೇಕು ಅಂತ."

"ನಾನಾ? ಅಂದ್ರೆ ಸತ್ತಿರ್ಬೇಕಾ?"

"ಅಯ್ಯೋ ದೇವರೇ. ದುಡೀದೆ ಬರೋ ದುಡ್ಡು ಮಾವ. ಬಾಡಿಗೆ ಬಂದು ಬೀಳ್ತಾ ಇರ್ಬೇಕು, ನೀನು ಕೈ ಕಟ್ಟಿ ಕೂತಿರ್ಬೇಕು. ಅಲ್ಲಿಗೆ ಹೋಗಿ ಅವರ ಜನರ ಕೆಲಸ ಕಿತ್ಕೋಬಾರ್ದಲ್ಲ, ಅದಕ್ಕೆ. ಸುಲಭವಾಗಿ ಹೇಳ್ಬೇಕೂಂದ್ರೆ, ನೀನು ಕೂತು ತಿನ್ನೋನು ಅಂತ ರುಜುವಾತು ಮಾಡ್ಬೇಕು."

ಪೈಪಣ್ಣನಿಗೆ ಸಿಟ್ಟು ನೆತ್ತಿಗೇರಿತು. ಬೀದಿಯಲ್ಲಿ ಯಾರಾದರೂ ಹಾಗಂದಿದ್ದರೆ ಕೊರಳಪಟ್ಟಿ ಹಿಡಿಯುತ್ತಿದ್ದ. ಇಡೀ ಲೋಕದಲ್ಲಿ ಮನುಷ್ಯನಿಗೆ ಬೈಗುಳವಾದದ್ದು ಆ ಒಂದು ದೇಶಕ್ಕೆ ಮಾತ್ರ ಹೇಗೆ ಯೋಗ್ಯತೆಯಾಗುತ್ತದೆ ಅನ್ನುವುದು ಅವನಿಗೆ ಎಷ್ಟು ಯೋಚಿಸಿದರೂ ತಿಳಿಯಲಿಲ್ಲ. ಹೋದ ವಾರ ತಾನೇ ಮೇಷ್ಟ್ರ ಮನೆಯ ಟ್ಯಾಂಕಿಗೆ ಇಳಿದು ತಿಕ್ಕಿದ್ದ. ಅದು ಕೂತು ತಿಂದದ್ದೋ? ತಿಕ್ಕಿದ್ದು ದುಡಿಮೆಯಾದರೆ ಬಾಡಿಗೆ ಕೆಟ್ಟಿತೋ? ತನಗೆ ತಾನೇ ಕೇಳಿಕೊಂಡು ತಲೆ ಗಿರ್ರೆಂದಿತು.

"ಟ್ಯಾಂಕ್ ವಿಷ್ಯ ಯಾರ ಹತ್ರಾನೂ ಎತ್ಬೇಡ" ಅಂದಳು ಅವಳು. "ಏನ್ ಮಾಡ್ತೀರಿ ಅಂತ ಯಾರೇ ಕೇಳ್ಲಿ, ಏನೂ ಇಲ್ಲ, ಬಾಡಿಗೆ ಬರುತ್ತೆ, ಕೂತು ತಿಂತೀನಿ ಅನ್ನು. ಎಲ್ಲಿ, ಹೇಳು ನೋಡೋಣ."

ಪೈಪಣ್ಣ "ಬಾಡಿಗೆ ಬರುತ್ತೆ" ಅನ್ನುವವರೆಗೆ ಹೇಳಿ ನಿಲ್ಲಿಸಿದ.

ಖಾತೆಗೆ ಮತ್ತೆ ಜೀವ ಬರಲು ತಿಂಗಳು ಹಿಡಿಯಿತು. ಟೈಲರಮ್ಮನೂ ಮೇಷ್ಟ್ರೂ ಬಾಡಿಗೆ ಕರಾರು ಹೊಸದಾಗಿ ಬರೆದುಕೊಟ್ಟು, ಹಿಂದಿರುಗಿದ ಹಣವನ್ನು ಮತ್ತೆ ಕಳಿಸಿದರು. ಬ್ಯಾಂಕಿನವರು ನಡುವೆ ಬಾಡಿಗೆ ಯಾಕೆ ನಿಂತಿತ್ತು ಅಂತ ಒಂದು ಪತ್ರ ಕೊಟ್ಟರು, ಅದು ಬರೆದವರಿಗೂ ಅರ್ಥವಾಗಿರಲಿಕ್ಕಿಲ್ಲ. ಆ ಏಜೆಂಟನೋ, "ನಾನು ಮೊದಲೇ ಹೇಳಿದ್ನಲ್ಲ" ಅಂದ. ಅಂಥವರಿಗೆ ಏನು ಹೇಳುತ್ತೀರಿ.

ಇತ್ತ ಮನೆಯಲ್ಲಿ ತಾಲೀಮು. ತಂಗಿ ಮಗಳು ಬೆಳಿಗ್ಗೆ ಅಂಗಡಿಗೆ ಹೋಗುವ ಮೊದಲು ಬಾಗಿಲಲ್ಲಿ ನಿಂತು, "ಏನ್ ಮಾಡ್ತೀರಿ?" ಅನ್ನುವಳು. ಟೈಲರಮ್ಮ ಮೆಟ್ಟಿಲಿಂದಲೇ ಕೂಗುವಳು, "ಏನ್ ಮಾಡ್ತೀಯ ಪೈಪಣ್ಣ?" ಮೊದಮೊದಲು ತೊದಲಿದವನು ಬರಬರುತ್ತ ನಿದ್ದೆಗಣ್ಣಲ್ಲೂ ಹೇಳುವಷ್ಟು ಪಳಗಿದ. "ಏನೂ ಇಲ್ಲ, ಕೂತು ತಿಂತೀನಿ." ಹೇಳಿದಾಗಲೆಲ್ಲ ಅವನಿಗೆ ನಾಚಿಕೆಯಾಗುತ್ತಿತ್ತು. ಹೇಳಿ ಮುಗಿಸಿ ಟೈಲರಮ್ಮನ ಬಚ್ಚಲಿನ ಪೈಪು ಕಟ್ಟಿಕೊಂಡದ್ದನ್ನು ಬಿಡಿಸಲು ಹೋಗುತ್ತಿದ್ದ.

ಸಂದರ್ಶನದ ಕೋಣೆಯಲ್ಲಿ ಒಬ್ಬ ಅಧಿಕಾರಿ, ಪಕ್ಕದಲ್ಲಿ ಅವನ ಮಾತನ್ನು ಕನ್ನಡಕ್ಕೆ ಹೇಳುವ ಒಬ್ಬಾಕೆ. ಅಧಿಕಾರಿ ಕಾಗದಗಳನ್ನು ತಿರುವಿ ತಿರುವಿ ನೋಡಿ, ಪೈಪಣ್ಣನ ಕೈಗಳ ಮೇಲೆ ಕಣ್ಣಿಟ್ಟು ಏನೋ ಕೇಳಿದ.

"ನಿಮ್ಮ ಕೈ ನೋಡಿದ್ರೆ ಈಗಲೂ ಕೆಲಸ ಮಾಡೋ ಹಾಗಿದೆಯಂತೆ" ಅಂದಳು ಆಕೆ.

ಪೈಪಣ್ಣ ಉಗುರಿನ ಕಪ್ಪನ್ನು ನೋಡಿಕೊಂಡ. "ಹಳೇ ಕಸುಬಿನ ಕಲೆ ತಾಯಿ. ತೊಳೆದ್ರೆ ಹೋಗಲ್ಲ."

"ಈಗ ಏನ್ ಮಾಡ್ತೀರಿ?"

ಅಕ್ಕ ಎದುರಿಗೆ ನಿಂತು ಕೇಳಿಸಿಕೊಳ್ಳುತ್ತಿದ್ದಾಳೆ ಅನ್ನಿಸಿತು. ಅವಳಿಗಾಗಿಯೇ ಅಲ್ಲವೇ ಇದೆಲ್ಲ ಅಂದುಕೊಂಡು ಕಣ್ಣು ಮುಚ್ಚಿ ಹೇಳಿಬಿಟ್ಟ. "ಏನೂ ಇಲ್ಲ, ಬಾಡಿಗೆ ಬರುತ್ತೆ, ಕೂತು ತಿಂತೀನಿ."

ಆಕೆ ಅದನ್ನು ಯಾವ ಮಾತಿನಲ್ಲಿ ಹೇಳಿದಳೋ, ಅಧಿಕಾರಿ ಮೆಚ್ಚಿಕೊಂಡವನಂತೆ ತಲೆಯಾಡಿಸಿದ. ಕೂತು ತಿನ್ನುತ್ತೇನೆ ಅಂದವನನ್ನು ಕಂಡು ಒಬ್ಬ ಮನುಷ್ಯ ಮೆಚ್ಚುವುದನ್ನು ಪೈಪಣ್ಣ ನೋಡಿದ್ದು ಅದೇ ಮೊದಲು.

ವೀಸಾ ಬಂತು. ಬಂದ ಸಂಜೆಯೇ ಪೆಟ್ಟಿಗೆ ತೆರೆದಿಟ್ಟುಕೊಂಡು ಅಕ್ಕನಿಗೆ ಫೋನು ಹಚ್ಚಿದ. ತಂಗಿ ಮಗಳು ಪಕ್ಕದಲ್ಲಿ ಅವನ ಅಂಗಿಗಳನ್ನು ಮಡಿಸುತ್ತ ಕೂತಿದ್ದಳು. ಆ ಕಡೆಯಿಂದ ಅಕ್ಕನ ದನಿ ಬಂತು.

"ಏನ್ ಮಾಡ್ತಿದ್ದೀಯೋ?"

ಸಂತೋಷಕ್ಕೋ, ಅಷ್ಟು ದಿನದ ತಾಲೀಮಿಗೋ, ನಾಲಿಗೆ ತಾನಾಗಿ ಓಡಿತು. "ಏನೂ ಇಲ್ಲಕ್ಕ, ಕೂತು ತಿಂತೀನಿ."

ಅಕ್ಕ ಹೊರಗಿನವರೊಡನೆ ಮಾತಾಡುವ ಮರ್ಯಾದೆಯಲ್ಲಿ ಕೇಳಿದಳು, "ಯಾರು ನೀವು?"

"ನಾನಕ್ಕ. ನಿನ್ನ ತಮ್ಮ."

"ನನ್ನ ತಮ್ಮ ಕೂತು ತಿನ್ನೋನಲ್ಲಪ್ಪ. ಅವನು ನಲ್ಲಿ ರಿಪೇರಿಗೆ ಹೋಗಿದ್ದಾನೆ. ಬಂದ್ಮೇಲೆ ಫೋನ್ ಮಾಡಿ." ಇಟ್ಟುಬಿಟ್ಟಳು.

ಪೈಪಣ್ಣ ಫೋನು ಹಿಡಿದುಕೊಂಡೇ ಕೂತ. ನಗಬೇಕೋ ಅಳಬೇಕೋ ತಿಳಿಯಲಿಲ್ಲ, ಎರಡೂ ಸ್ವಲ್ಪ ಸ್ವಲ್ಪ ಬಂತು. ಮತ್ತೆ ಹಚ್ಚಲು ಧೈರ್ಯ ಸಾಲಲಿಲ್ಲ. ಎದ್ದು ಹೋಗಿ ಬಾಗಿಲ ಹಿಂದೆ ನೇತುಹಾಕಿದ್ದ ಹಳೆಯ ಪೈಪ್ ಪಾನಾ ತಂದು, ಒರೆಸಿ, ಮಡಿಸಿದ ಅಂಗಿಗಳ ಮೇಲೆ ಇಟ್ಟ.

"ಮಾವ, ಅಲ್ಲಿ ಕೆಲಸ ಮಾಡೋ ಹಾಗಿಲ್ಲ" ಅಂದಳು ತಂಗಿ ಮಗಳು. "ಇದನ್ನ ನೋಡಿದ್ರೆ ವಾಪಸ್ ಕಳಿಸ್ತಾರೆ."

"ಕೆಲಸಕ್ಕಲ್ಲ ಕಣೇ" ಅಂದ ಪೈಪಣ್ಣ. "ಬರೀ ಕೈಲಿ ಹೋದ್ರೆ ಅಕ್ಕ ಬಾಗಿಲು ತೆಗೀಬೇಕಲ್ಲ."

ಅವಳು ಪಾನಾವನ್ನು ತೆಗೆದು, ಒಂದು ಅಂಗಿಯಲ್ಲಿ ಸುತ್ತಿ, ಪೆಟ್ಟಿಗೆಯ ತಳಕ್ಕೆ ಇಟ್ಟಳು.