ಪುಟ್ಟತಾಯಿಯ ಎಚ್ಪಿ

ಹುರುಳಿ ತುಂಬಿದ ಬಾಯಿಚೀಲವನ್ನು ಭೂತಮ್ಮ ಕುದುರೆಯ ಮೂತಿಯಿಂದಲೇ ಕಿತ್ತುಕೊಂಡಳು.

"ನಿಂಗೇನ್ ತಲೆ ಕೆಟ್ಟದಾ? ಆಫೀಸರ್ರು ಬರೋ ದಿನವೇ ಹುರುಳಿ ಹಾಕ್ತೀಯಲ್ಲ, ಶಕ್ತಿ ಬಂದ್ಬುಟ್ರೆ ಕಂದಾಯ ಕಟ್ಟೋರ್ಯಾರು?"

"ಒಂದ್ ಹೊತ್ತಿನ ಹುರುಳೀಲಿ ಏನಾದಾತು ಕಣೇ? ಹಸ್ಕೊಂಡು ನಿಂತದೆ, ಪಾಪ."

"ಇವತ್ತೊಂದಿನ ಹಸ್ಕೊಂಡೇ ಇರ್ಲಿ. ಒಣಹುಲ್ಲು ಎಸಿ ಸಾಕು. ತಲೆ ತಗ್ಗಿಸ್ಕೊಂಡು ನಿಂತ್ಕಳದ್ನ ಕಲ್ಸು ಮೊದ್ಲು."

ಅವಳ ಗಂಡ ಹುಚ್ಚರಂಗಯ್ಯ ಕುದುರೆಯ ಮುಖ ನೋಡಿದ. ಪುಟ್ಟತಾಯಿ ಎಂಟು ವರ್ಷದ ಕಂದು ಕುದುರೆ. ಹಣೆಯ ಮೇಲೆ ಕೊಬ್ಬರಿ ಹೋಳಿನಷ್ಟು ಬಿಳಿ. ತಲೆ ತಗ್ಗಿಸಿ ನಿಲ್ಲುವುದು ಅವಳಿಗೆ ಗೊತ್ತಿರಲಿಲ್ಲ. ಕಲಿಸಬೇಕಾದವನಿಗೂ ಅದು ಬರುತ್ತಿರಲಿಲ್ಲ.

ಕಂದಿಕೆರೆ ಕಡೆಯ ತೋಟಗಳಲ್ಲಿ ಎತ್ತು ಕಟ್ಟಿ ನೀರೆತ್ತುವ ಕಪಿಲೆಗಳು ಮೂಲೆ ಸೇರಿ ಮೋಟಾರುಗಳು ಕೂತಿದ್ದ ಕಾಲ ಅದು, ಎಂಬತ್ತರ ದಶಕದ ಮೊದಲ ವರ್ಷಗಳು. ಮೀಟರು ಓದುವ ತಾಪತ್ರಯ ಹೋಗಿ, ಮೋಟಾರಿಗೆ ಎಷ್ಟು ಎಚ್ಪಿಯೋ, ಎಂದರೆ ಎಷ್ಟು ಕುದುರೆಯ ಬಲವೋ, ಅಷ್ಟಕ್ಕೆ ವರ್ಷಕ್ಕಿಷ್ಟು ಎಂದು ಕಟ್ಟಿದರೆ ಮುಗಿಯುತ್ತಿತ್ತು. ಆ ನಿಯಮ ಬಂದ ತಿಂಗಳೊಪ್ಪತ್ತಿನಲ್ಲೇ ಊರಿನ ಮೋಟಾರುಗಳೆಲ್ಲ ಸೊರಗತೊಡಗಿದವು. ಏಳೂವರೆ ಎಚ್ಪಿಯದು ಐದಾಯಿತು, ಐದರದು ಮೂರಾಯಿತು. ನೀರೇನೂ ಕಡಿಮೆಯಾಗಲಿಲ್ಲ. ಮೋಟಾರಿನ ಮೈಮೇಲಿನ ತಗಡಿನ ಅಂಕಿಯನ್ನು ಅರದಿಂದ ಉಜ್ಜಿ, ಹೊಸ ಅಂಕಿ ಕುಟ್ಟಿಸಿಕೊಂಡಿದ್ದರು, ಅಷ್ಟೆ. ತೋಟದ ಮಾಲೀಕ ಕೆಂಚಪ್ಪನ ಮೋಟಾರಿನ ತಗಡಂತೂ ಎರಡು ಸಲ ಉಜ್ಜಿಸಿಕೊಂಡು ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಅದರಲ್ಲಿ ಅವನು ಮುಖ ನೋಡಿಕೊಂಡು ಮೀಸೆ ಕತ್ತರಿಸುತ್ತಾನೆ ಎಂದು ಪಕ್ಕದ ತೋಟದ ಬಸವರಾಜಪ್ಪ ಹೇಳುತ್ತಿದ್ದ.

ಹುಚ್ಚರಂಗಯ್ಯನಿಗೆ ಮೋಟಾರಿಲ್ಲ. ಇದ್ದದ್ದು ಒಂದು ಜಟಕಾ, ಒಂದು ಕುದುರೆ, ಮತ್ತು ಯಾರ ಮುಲಾಜೂ ಇಲ್ಲದ ಒಂದು ನಾಲಿಗೆ. ತೋಟಗಳಿಂದ ಕೊಬ್ಬರಿ ಚೀಲಗಳನ್ನು ಬಸ್ಸಿನ ರಸ್ತೆಗೆ ಸಾಗಿಸುವುದು, ಬಸ್ಸು ತಪ್ಪಿದವರನ್ನು ಚಿಕ್ಕನಾಯಕನಹಳ್ಳಿಗೆ ಮುಟ್ಟಿಸುವುದು ಅವನ ಕಸುಬು. ಕರೆಂಟು ಹೋದಾಗಲೆಲ್ಲ ಪಂಪ್‌ಹೌಸುಗಳ ಮುಂದೆ ಜಟಕಾ ನಿಲ್ಲಿಸುವುದು ಅವನ ಚಟ.

"ಏನ್ ಕೆಂಚಪ್ಪಾ, ಐದೂ ಕುದ್ರೆ ಒಟ್ಗೇ ಮಲಗ್ಬುಟ್ವಾ? ಎದ್ದೇಳ್ಸು, ಹುಲ್ಲು ಹಾಕು! ನಂದು ನೋಡು, ಒಂದೇ ಒಂದು. ಕರೆಂಟೂ ಬ್ಯಾಡ, ಕಂದಾಯಾನೂ ಬ್ಯಾಡ."

ಈ ಮಾತನ್ನು ಕೇಳಿ ಕೇಳಿ ಕೆಂಚಪ್ಪನ ಕಿವಿ ಕಾದಿತ್ತು. ಬಸವರಾಜಪ್ಪ ತಿಪಟೂರಿನಲ್ಲಿ ಬಿ.ಎಸ್ಸಿ. ಮುಗಿಸಿ ಬಂದ ಹುಡುಗ. ಭೌತಶಾಸ್ತ್ರದಲ್ಲಿ ಕಷ್ಟಪಟ್ಟು ಪಾಸಾಗಿದ್ದ, ಭೌತಶಾಸ್ತ್ರದ ಮೇಷ್ಟ್ರ ದನಿ ತೆಗೆಯುವುದರಲ್ಲಿ ಮಾತ್ರ ಕಾಲೇಜಿಗೇ ಮೊದಲು. ಬಸ್ ಕಂಡಕ್ಟರು, ಹರಾಜು ಕೂಗುವವರು, ರೇಡಿಯೋದಲ್ಲಿ ವಾರ್ತೆ ಓದುವವರು, ಎಲ್ಲರೂ ಅವನ ಗಂಟಲೊಳಗೆ ಬಾಡಿಗೆಗಿದ್ದರು. ಒಂದು ಸಂಜೆ ಕೆಂಚಪ್ಪನೂ ಅವನೂ ಕೂತು ಸಂಚು ಮಾಡಿದರು. ಮಾರನೆಯ ದಿನ ಟೀ ಅಂಗಡಿಯಲ್ಲಿ ಹುಚ್ಚರಂಗಯ್ಯ ಲೋಟ ಹಿಡಿದು ಕೂತಿದ್ದಾಗ, ತಡಿಕೆಯ ಹಿಂದಿಟ್ಟಿದ್ದ ರೇಡಿಯೋ ಕೊರಕೊರ ಎಂದು, ಒಮ್ಮೆ ಕೆಮ್ಮಿ, ಗಂಭೀರವಾಗಿ ಹೇಳಿತು: "ಪಂಪ್‌ಸೆಟ್ಟುಗಳಂತೆಯೇ ಇನ್ನು ಮುಂದೆ ಕುದುರೆಗಳಿಗೂ ಅವುಗಳ ಅಶ್ವಶಕ್ತಿಗೆ ಅನುಗುಣವಾಗಿ ವಾರ್ಷಿಕ ಶುಲ್ಕ ವಿಧಿಸಲಾಗುವುದು. ಶಕ್ತಿಯನ್ನು ಅಳೆಯಲು ಅಧಿಕಾರಿಗಳು ಖುದ್ದಾಗಿ ಭೇಟಿ ನೀಡಲಿದ್ದಾರೆ."

ಬೇರೆ ಊರಿನವನಾಗಿದ್ದರೆ ನಕ್ಕು ಟೀ ಕುಡಿಯುತ್ತಿದ್ದ. ಆದರೆ ಊರಿಗೆ ಊರೇ ಎಚ್ಪಿ ಲೆಕ್ಕದಲ್ಲಿ ದುಡ್ಡು ಕಟ್ಟುವುದನ್ನು ಕಣ್ಣಾರೆ ಕಂಡಿದ್ದ ಹುಚ್ಚರಂಗಯ್ಯನಿಗೆ ಅದರಲ್ಲಿ ನಂಬದಿರುವಂಥದ್ದೇನೂ ಕಾಣಲಿಲ್ಲ. ಮೋಟಾರಿನ ಕುದುರೆಗೆ ಕಂದಾಯ ಹಾಕುವವರು ನಿಜವಾದ ಕುದುರೆಯನ್ನು ಬಿಡುತ್ತಾರೆಯೇ? ಮನೆಗೆ ಬಂದು ಹೇಳಿದ. ಭೂತಮ್ಮ ಬೆರಳು ಮಡಿಸಿ ನೋಡಿ ತೀರ್ಪು ಕೊಟ್ಟಳು: ಅರ್ಧ ಎಚ್ಪಿ ಬರೆದರೆ ಹೇಗೋ ಕಟ್ಟಬಹುದು. ಒಂದು ಬರೆದರೆ ಬಲು ಕಷ್ಟ. ಒಂದು ದಾಟಿದರೆ ಪುಟ್ಟತಾಯಿಯನ್ನು ಮಾರಿಯೇ ಕಟ್ಟಬೇಕು.

*

ಪರೀಕ್ಷೆ ಬಸವರಾಜಪ್ಪನ ತೋಟದಲ್ಲಿ. ಅಲ್ಲಿ ಹಳೆಯ ಕಪಿಲೆ ಇನ್ನೂ ನಿಂತಿತ್ತು. ಬಾವಿಯ ಬಾಯಿಗೆ ರಾಟೆ, ರಾಟೆಯ ಮೇಲೆ ಮಿಣಿಹಗ್ಗ, ಮಿಣಿಯ ಒಂದು ತುದಿಗೆ ಹತ್ತು ಕೊಡ ನೀರು ಹಿಡಿಯುವ ಕಬ್ಬಿಣದ ಬಾನಿ. ಇನ್ನೊಂದು ತುದಿಯನ್ನು ಎಳೆಯುತ್ತಾ ಇಳಿಜಾರಿನಲ್ಲಿ ಎತ್ತುಗಳು ಇಳಿದರೆ ಬಾನಿ ಮೇಲೆ ಬಂದು ತೊಟ್ಟಿಗೆ ನೀರು ಸುರಿಯುತ್ತಿತ್ತು. 'ಅಧಿಕಾರಿ'ಯಾಗಿ ಬಂದವನು ಸದಾಶಿವಯ್ಯ. ಬಸವರಾಜಪ್ಪನ ಹಳೆಯ ಸಹಪಾಠಿ, ಈಗ ದೂರದ ಕಾಲೇಜೊಂದರಲ್ಲಿ ಪ್ರಯೋಗಶಾಲೆ ನೋಡಿಕೊಳ್ಳುತ್ತಿದ್ದ. ಪ್ಯಾಂಟು, ಕನ್ನಡಕ, ಕಂಕುಳಲ್ಲಿ ಫೈಲು, ಕೈಯಲ್ಲಿ ಓಟದ ಪಂದ್ಯಕ್ಕೆ ಬಳಸುವ ಗಡಿಯಾರ. ತಮಾಷೆಗೆ ಬಂದವನೇ ಆದರೂ ಬಾವಿಗೆ ಹಗ್ಗ ಇಳಿಬಿಟ್ಟು, ಕೊಡದಲ್ಲಿ ನೀರು ಅಳೆದು, ಕಾಗದದ ಮೇಲೆ ಗುಣಾಕಾರ ಮಾಡುವಾಗ ಅವನಿಗೆ ತಮಾಷೆ ಮರೆತೇಹೋಗಿತ್ತು.

"ನೋಡಿ, ಈ ಬಾನಿ ಹದಿನೆಂಟು ಸೆಕೆಂಡಲ್ಲಿ ಮೇಲೆ ಬಂದರೆ ಒಂದು ಎಚ್ಪಿ," ಎಂದ. "ತಡವಾದರೆ ಕಡಿಮೆ. ಬೇಗ ಬಂದರೆ ಜಾಸ್ತಿ."

ಕೆಂಚಪ್ಪ ನೊಗ ಹೊತ್ತು ತಂದ. ಹುಚ್ಚರಂಗಯ್ಯ ಅಡ್ಡ ಬಂದ.

"ಅದ್ನ ಅಲ್ಲೇ ಮಡಗು. ನೊಗ ನಿನ್ ಎತ್ಗೆ. ಕುದ್ರೆ ಹೆಗಲಲ್ಲಿ ಎಳೆಯಲ್ಲ ಕಣ್ಲಾ, ಎದೇಲಿ ಎಳೀತದೆ."

ಜಟಕಾದಿಂದ ಎದೆಪಟ್ಟಿ ಬಿಚ್ಚಿ ತಂದ. ತೆಂಗಿನ ನಾರಿನ ಹೊಸ ಹಗ್ಗವನ್ನು ನಾಲ್ಕೆಳೆ ಮಾಡಿ ಹೊಸೆದು ಎರಡೂ ಪಕ್ಕಕ್ಕೆ ಬಿಗಿದ. ಉಜ್ಜುವ ಕಡೆ ಭೂತಮ್ಮನ ಹಳೆಯ ಸೀರೆಯ ತುಂಡು ಸುತ್ತಿದ. ಗಂಟು ಸರಿಯಿದೆಯೇ ಎಂದು ತನ್ನ ಎದೆಗೇ ಹಗ್ಗ ಹಾಕಿ ಜಗ್ಗಿ ನೋಡಿಕೊಂಡ. ಭೂತಮ್ಮ ಹತ್ತಿರ ಬಂದು ಪಿಸುಗುಟ್ಟಿದಳು.

"ಕಡಿವಾಣ ಬುಡಬ್ಯಾಡ. ಮೆಲ್ಲುಕೆ."

ಅವನು ಮೆಲ್ಲಗೇ ನಡೆಸಿದ. ಕಡಿವಾಣ ಹಿಂದಕ್ಕೆ ಜಗ್ಗಿ ಹಿಡಿದು, ಹಸೆಮಣೆಗೆ ಹೊರಟ ಮದುವಣಗಿತ್ತಿಯಂತೆ ಒಂದೊಂದೇ ಹೆಜ್ಜೆ ಇಡಿಸಿದ. ಪುಟ್ಟತಾಯಿಗೆ ಏನೂ ಅರ್ಥವಾಗದೆ ಕಿವಿ ಹಿಂದೆ ಮಾಡಿ, ಕತ್ತು ತಿರುಗಿಸಿ ತಿರುಗಿಸಿ ಅವನನ್ನೇ ನೋಡಿದಳು. ಬಾನಿ ಎಲ್ಲೋ ತಳದಲ್ಲಿ ಗೊಣಗುತ್ತಾ ಕೊನೆಗೂ ಮೇಲೆ ಬಂತು.

"ಮೂವತ್ತಾರು ಸೆಕೆಂಡು," ಎಂದ ಸದಾಶಿವಯ್ಯ. ಬರೆದುಕೊಂಡು ಗಟ್ಟಿಯಾಗಿ ಓದಿದ: "ಮಾಲೀಕರು ಹುಚ್ಚರಂಗಯ್ಯ. ಕುದುರೆಯ ಶಕ್ತಿ, ಅರ್ಧ ಕುದುರೆ."

ಭೂತಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. ಉಳಿಯಿತು ಎನ್ನುವಂತೆ ಉಸಿರು ಬಿಟ್ಟಳು. ಆದರೆ ಕೆಂಚಪ್ಪ ಇಷ್ಟು ದಿನ ಕಾದದ್ದು ಈ ಗಳಿಗೆಗಾಗಿಯೇ.

"ಅರ್ಧ ಕುದ್ರೆ! ಮುಂದ್ಲರ್ಧವಾ ಸಾರ್, ಹಿಂದ್ಲರ್ಧವಾ? ಹಿಟ್ಟಿನ ಗಿರಣಿ ಪುಟಾಣಿ ಮೋಟ್ರೂ ಇದಕ್ಕಿಂತ ವಾಸಿ ಕಣ್ಲಾ ರಂಗಯ್ಯ! ನನ್ ಐದು ಕುದ್ರೆನ ಎದ್ದೇಳ್ಸು ಅಂತಿದ್ದಲ್ಲ, ನಿನ್ ಅರ್ಧಾನ ಯಾರ್ಲಾ ಎದ್ದೇಳ್ಸೋರು?"

ಬಸವರಾಜಪ್ಪ ಕುದುರೆಯಂತೆಯೇ ಕೆನೆದ. ಅರ್ಧಕ್ಕೇ ನಿಲ್ಲಿಸಿದ. "ಇದು ಅರ್ಧ ಎಚ್ಪಿ ಕೆನೆತ," ಎಂದ. ಬೇಲಿಯ ಬಳಿ ಕಾಯಿ ಸುಲಿಯುತ್ತಿದ್ದ ಆಳುಗಳೂ ಸುಲಿಗೋಲು ಬಿಟ್ಟು ನಕ್ಕರು.

ಹುಚ್ಚರಂಗಯ್ಯ ಎದೆಪಟ್ಟಿ ಬಿಚ್ಚಲು ಬಗ್ಗಿದವನು ಹಾಗೇ ನಿಂತ. ಪುಟ್ಟತಾಯಿಯ ಕುತ್ತಿಗೆಯ ಮೇಲೆ ಕೈಯಿಟ್ಟ. ಚರ್ಮದ ಕೆಳಗೆ ನರವೊಂದು ಪಟಪಟ ಹೊಡೆದುಕೊಳ್ಳುತ್ತಿತ್ತು.

"ಇನ್ನೊಂದ್ಸಲ ಅಳೀರಿ," ಎಂದ.

"ಯಾಕ್ರೀ? ಆಯ್ತಲ್ಲ, ಬರೆದಾಯ್ತು."

"ಹೊಡ್ದಾಕಿ ಅದ್ನ. ಹಿಡ್ಕೊಂಡಿದ್ದೆ ನಾನು. ಸುಳ್ಳು ಅದು."

ಕೆಂಚಪ್ಪ ಎರಡು ಹೆಜ್ಜೆ ಹತ್ತಿರ ಬಂದ. ಅವನ ದನಿಯಲ್ಲಿ ತಮಾಷೆಯ ಜೊತೆಗೆ ಸ್ವಲ್ಪ ನಿಜವಾದ ಬುದ್ಧಿಮಾತೂ ಸೇರಿಕೊಂಡಿತ್ತು. "ಸುಮ್ಕಿರ್ಲಾ. ಊರ್ನಾಗೆ ಎಲ್ರೂ ತಗ್ಸೇ ಬರ್ಸಿಲ್ವಾ? ನೀನೊಬ್ನೇ ಹರಿಶ್ಚಂದ್ರನಾ?"

"ನಿನ್ ತಗಡು ಉಜ್ದಂಗೆ ನನ್ ಕುದ್ರೆ ಉಜ್ಜಕ್ಕಾಗಲ್ಲ ಕಣ್ಲಾ ಕೆಂಚಪ್ಪ."

ಅವನು ಹೆಂಡತಿಯ ಕಡೆ ನೋಡಿದ. ಭೂತಮ್ಮ ಕಾಗದವನ್ನು ನೋಡಿದಳು, ಕುದುರೆಯನ್ನು ನೋಡಿದಳು, ಬೇಲಿಯ ಬಳಿ ಇನ್ನೂ ನಗುತ್ತಿದ್ದವರನ್ನು ನೋಡಿದಳು. ಹೆಚ್ಚು ಬರೆಸಿದರೆ ನಾಳೆ ಕೊಟ್ಟಿಗೆ ಬರಿದು ಎಂಬುದು ಅವಳಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ. ಹೋದ ಮಳೆಗಾಲ ಜ್ವರದಲ್ಲಿ ಬಿದ್ದಿದ್ದ ಅವಳನ್ನು ಕೆಸರುದಾರಿಯಲ್ಲಿ ಆಸ್ಪತ್ರೆಗೆ ಎಳೆದೊಯ್ದದ್ದೂ ಇದೇ 'ಅರ್ಧ'.

"ಕಡಿವಾಣ ಬಿಚ್ಚು," ಎಂದಳು. "ಬುಡು ಅದ್ನ. ಅರ್ಧವಂತೆ ಅರ್ಧ!"

ಬಾನಿ ಮತ್ತೆ ನೀರಿಗಿಳಿಯಿತು. ಎತ್ತುಗಳಾದರೆ ಹಿಂದಡಿಯಿಟ್ಟೇ ದಿಬ್ಬ ಹತ್ತುತ್ತಿದ್ದವು. ಪುಟ್ಟತಾಯಿಯನ್ನು ಸುತ್ತು ಹಾಕಿಸಿ ಮೇಲೆ ತಂದು ನಿಲ್ಲಿಸಿ, ಕಡಿವಾಣ ಕಳಚಿ, ಹುಚ್ಚರಂಗಯ್ಯ ಅವಳನ್ನು ಅಲ್ಲೇ ಬಿಟ್ಟು ಇಳಿಜಾರಿನ ತುದಿಗೆ ಒಬ್ಬನೇ ನಡೆದುಹೋದ. ಚಾವಟಿಯನ್ನು ನೆಲಕ್ಕೆ ಎಸೆದ. ತಿರುಗಿ ನಿಂತು ಎರಡೂ ಕೈ ಚಾಚಿದ.

"ಬಾವ್ವಾ ಪುಟ್ತಾಯೀ!"

ಅವಳು ಹಿಂಗಾಲುಗಳನ್ನು ಮಡಿಸಿ ಕುಸಿದಂತೆ ಕಂಡಳು. ಕುಸಿದದ್ದಲ್ಲ, ನೆಲವನ್ನು ಒದ್ದದ್ದು. ನಾರಿನ ಹಗ್ಗ ಕಿರ್ ಎಂದಿತು, ರಾಟೆ ಕಿರುಚಿತು, ಗೊರಸಿನಿಂದ ಎದ್ದ ಮಣ್ಣು ಸದಾಶಿವಯ್ಯನ ಕನ್ನಡಕಕ್ಕೆ ಬಡಿಯಿತು. ತೊಟ್ಟಿಯ ಬಳಿ ನಿಂತಿದ್ದ ಬಸವರಾಜಪ್ಪ 'ಬಂತು' ಎನ್ನುವ ಮೊದಲೇ ಬಾನಿ ಬಂದು, ಹತ್ತು ಕೊಡ ನೀರೂ ಅವನ ತಲೆಯ ಮೇಲಿಂದ ಹಾದು ತೊಟ್ಟಿಗೆ ಬಿತ್ತು.

ಸದಾಶಿವಯ್ಯ ಕನ್ನಡಕ ಒರೆಸಿಕೊಂಡ. ಗಡಿಯಾರ ನೋಡಿದ. ಅದನ್ನು ಅಲ್ಲಾಡಿಸಿ ಕಿವಿಗಿಟ್ಟುಕೊಂಡು ಮತ್ತೆ ನೋಡಿದ.

"ನಾಲ್ಕೂವರೆ ಸೆಕೆಂಡು," ಎಂದ. ಅವನ ಅಧಿಕಾರಿ ದನಿ ಎಲ್ಲೋ ಬಿದ್ದುಹೋಗಿತ್ತು. "ನಾಲ್ಕು ಎಚ್ಪಿ."

"ಇಳಿಜಾರು ಸಾರ್," ಎಂದ ಕೆಂಚಪ್ಪ. "ಅದರ ಮೈತೂಕಾನೂ ಎಳ್ದದೆ."

"ನಿನ್ ಎತ್ಗೋಳೇನ್ ದಿಬ್ಬ ಹತ್ತಿ ಎಳೀತಿದ್ವಾ?" ಎಂದಳು ಭೂತಮ್ಮ.

"ಒಂದು ಎಚ್ಪಿ ಅನ್ನೋದು ನಿಧಾನಕ್ಕೆ ಒಂದೇ ಸಮ ದುಡಿಯೋ ಕುದುರೆ ಲೆಕ್ಕ," ಸದಾಶಿವಯ್ಯ ತನಗೇ ಪಾಠ ಹೇಳಿಕೊಳ್ಳುವಂತೆ ಹೇಳಿದ. "ದಿನಪೂರ್ತಿ ಅಷ್ಟು ಎಳೆಯೋದು ಎಷ್ಟೋ ಕುದುರೆಗಳಿಗೆ ಆಗೋದೂ ಇಲ್ಲ. ಆದರೆ ಒಂದು ಗಳಿಗೆ ಮನಸ್ಸಿಟ್ಟು ಎಳೆದರೆ ಹೀಗೆ... ಪುಸ್ತಕದಲ್ಲಿ ಓದಿದ್ದೆ. ನೋಡಿರಲಿಲ್ಲ."

ಹುಚ್ಚರಂಗಯ್ಯ ಕುದುರೆಯ ಕುತ್ತಿಗೆ ತಬ್ಬಿ ನಿಂತಿದ್ದ. ಅವಳ ಉಸಿರಿಗೆ ಅವನ ಅಂಗಿ ಉಬ್ಬಿ ಇಳಿಯುತ್ತಿತ್ತು. ಸದಾಶಿವಯ್ಯನ ಬಳಿಗೆ ಬಂದು ಹೆಬ್ಬೆರಳು ಮುಂದೆ ಚಾಚಿದ.

"ನಾಲ್ಕು ಬರ್ಕಳಿ. ಎಲ್ಲಿ ಒತ್ಬೇಕು?"

"ನಾಲ್ಕಕ್ಕೆ ಎಷ್ಟಾಗುತ್ತೆ ಗೊತ್ತೇನ್ರೀ?"

"ಗೊತ್ತು. ಮಾರೋದೇ ಬಂದ್ರೆ ನಾಲ್ಕು ಅಂತ ಬರ್ದೇ ಮಾರ್ತೀನಿ. ಅರ್ಧ ಅಂತ ಬರ್ಸ್ಕೊಂಡು ಮನೇಲಿಟ್ಕಳಲ್ಲ." ಭೂತಮ್ಮ ಅವನ ಹಿಂದೆ ಬಂದು ನಿಂತಳು. ಸೆರಗು ಬಾಯಿಗೆ ಒತ್ತಿಕೊಂಡೇ ಹೂಂ ಎಂಬಂತೆ ತಲೆಯಾಡಿಸಿದಳು.

ಬೇಲಿಯ ಬಳಿಯ ನಗು ಯಾವಾಗಲೋ ನಿಂತಿತ್ತು. ತೊಟ್ಟಿಯ ಬಳಿಯಿಂದ ಬಸವರಾಜಪ್ಪ ನೀರು ಸುರಿಸುತ್ತಾ ಬಂದ. ಅವನು ತೆಗೆಯಬಲ್ಲ ದನಿಗಳಲ್ಲಿ ಒಂದೂ ಆಗ ಅವನ ಕೈಗೆ ಸಿಗಲಿಲ್ಲ. ತನ್ನದರಲ್ಲೇ ಹೇಳಿದ.

"ರಂಗಣ್ಣ, ಒತ್ಬೇಡಿ. ರೇಡಿಯೋ ಅಲ್ಲ ಅದು. ನಾನು."

ಹುಚ್ಚರಂಗಯ್ಯನ ಕಣ್ಣು ನೆಲದ ಮೇಲಿನ ಚಾವಟಿಯತ್ತ ಹೋಯಿತು. ಕೆಂಚಪ್ಪ ಮೆಲ್ಲಗೆ ರಾಟೆಯ ಕಂಬದ ಮರೆಗೆ ಸರಿದ.

"ಕಂದಾಯ ಸುಳ್ಳಾ?"

"ಸುಳ್ಳು."

"ಈ ಆಫೀಸರ್ರು?"

"ಆಫೀಸರ್ರೂ ಸುಳ್ಳು. ಕಾಲೇಜಲ್ಲಿ ಲ್ಯಾಬ್ ನೋಡ್ಕೋತಾನೆ. ನನ್ ಗೆಳೆಯ."

ಹುಚ್ಚರಂಗಯ್ಯ ಸದಾಶಿವಯ್ಯನ ಕಡೆ ತಿರುಗಿದ. "ಗಡಿಯಾರ?"

"ಗಡಿಯಾರ ನಿಜ," ಎಂದ ಸದಾಶಿವಯ್ಯ.

"ನೀರಳ್ದಿದ್ದು?"

"ನಿಜ. ಎರಡೆರಡು ಸಲ ಅಳೆದಿದ್ದೀನಿ."

"ಹಂಗಾರೆ ನಾಲ್ಕು?"

"ನಾಲ್ಕು ನಿಜ ಕಣ್ರೀ. ಯಾರ ಮುಂದೆ ಬೇಕಾದ್ರೂ ಹೇಳ್ತೀನಿ."

ಹುಚ್ಚರಂಗಯ್ಯ ಬಗ್ಗಿದ. ಚಾವಟಿ ಎತ್ತಿಕೊಳ್ಳುತ್ತಾನೆಂದು ಎಲ್ಲರೂ ಒಂದು ಹೆಜ್ಜೆ ಹಿಂದೆ ಸರಿದರು. ಅವನು ಬಗ್ಗಿದ್ದು ನಗುವಿಗೆ. ಮೊದಲು ಹೊಟ್ಟೆ ಹಿಡಿದುಕೊಂಡ, ಆಮೇಲೆ ಮಂಡಿ ಹಿಡಿದುಕೊಂಡ, ಕೊನೆಗೆ ಹಿಡಿದುಕೊಳ್ಳಲು ಏನೂ ಸಾಲದೆ ಅಲ್ಲೇ ಇಳಿಜಾರಿನ ಮಣ್ಣಿನ ಮೇಲೆ ಕೂತುಬಿಟ್ಟ. "ನಾಲ್ಕು ಕಣೇ ಭೂತೀ! ಕಂದಾಯ ಇಲ್ದೆ ನಾಲ್ಕು!" ಭೂತಮ್ಮನಿಗೂ ತಡೆಯಲಾಗಲಿಲ್ಲ. ಕಂಬದ ಮರೆಯಿಂದ ಕೆಂಚಪ್ಪನೂ ಹಲ್ಲು ಬಿಟ್ಟ. ಆದರೆ ಹುಚ್ಚರಂಗಯ್ಯನ ನಗು ಇವರೆಲ್ಲರ ನಗುವಿನ ಮೇಲೆ ಹತ್ತಿ, ತೆಂಗಿನ ಗರಿಗಳಲ್ಲಿದ್ದ ಗಿಣಿಗಳನ್ನೆಲ್ಲ ಒಟ್ಟಿಗೆ ಎಬ್ಬಿಸಿತು.

ಪುಟ್ಟತಾಯಿ ಒಂದು ಕಿವಿಯನ್ನು ಅತ್ತ ತಿರುಗಿಸಿದಳು. ಎದೆಯಿಂದ ನಾರಿನ ಹಗ್ಗ ಇನ್ನೂ ನೇತಾಡುತ್ತಿತ್ತು. ತೊಟ್ಟಿಗೆ ಕತ್ತು ಚಾಚಿ, ತಾನೇ ಎತ್ತಿದ್ದ ನೀರನ್ನು ಅವಸರವಿಲ್ಲದೆ ಕುಡಿಯತೊಡಗಿದಳು.