ಸಿಂಗಾರಗೊಂಡ ಚಿಮಣಿ

ಪೇಟೆಯ ಹಿಂದಿನ ಓಣಿಯಲ್ಲಿ ಒಂದು ಲಾಂಡ್ರಿ. ಮುಂದಿನ ಕೋಣೆಯಲ್ಲಿ ಅಜ್ಜಿಯ ಇಸ್ತ್ರಿ ಮೇಜು, ನಡುವೆ ಮಗ-ಸೊಸೆ ನೋಡಿಕೊಳ್ಳುವ ಒಗೆಯುವ ಯಂತ್ರ, ಹಿಂದೆ ನೀರು ಕಾಯಿಸುವ ಬಾಯ್ಲರ್. ಬಾಯ್ಲರ್ ಅಜ್ಜನದು. ತನಗಿಂತ ಅದರ ಮೇಲೇ ಅವನಿಗೆ ಒಂದು ಕೈ ಹೆಚ್ಚು ಪ್ರೀತಿ ಎಂದು ಅಜ್ಜಿ ಆಗಾಗ ಚುಚ್ಚುವುದುಂಟು.

ಈಚೆಗೆ ಆ ಮನೆಗೊಂದು ಚಿಂತೆ. ಮಹಡಿಯಲ್ಲಿ ಮಲಗುವ ಮೊಮ್ಮಗಳು ಪುಟ್ಟಿಗೆ ಕೆಮ್ಮು ಬಿಡುತ್ತಲೇ ಇಲ್ಲ. ಉಸಿರೆಳೆದರೆ ಸುಯ್ ಸುಯ್ ಸದ್ದು. ಡಾಕ್ಟರು ಕೈ ಚೆಲ್ಲಿ, "ಹೊಗೆ ಕಡಿಮೆ ಮಾಡಿ. ಆಗಲ್ಲ ಅಂದ್ರೆ ಮಗೂನ ಬೇರೆ ಕಡೆ ಇಡಿ" ಎಂದಿದ್ದರು. ಬೇರೆ ಕಡೆ ಎಂದರೆ ದೂರದ ಊರಿನ ಚಿಕ್ಕಮ್ಮನ ಮನೆ. ಆ ಮಾತು ಬಂದಾಗಲೆಲ್ಲ ಅಜ್ಜ ಎದ್ದು ಬಾಯ್ಲರಿನ ಹತ್ತಿರ ಹೋಗಿಬಿಡುತ್ತಿದ್ದ. ಪುಟ್ಟಿಯಿಲ್ಲದ ಮನೆ ಅವನಿಗೆ ಮನೆಯೇ ಅಲ್ಲ.

ಹೀಗಿರುವಾಗ ಎದುರುಮನೆಯ ದರ್ಜಿಯ ಮಗಳು ಬಂದಳು. ಅವಳು ಗಾಳಿಯ ಕೊಳೆ ಪರೀಕ್ಷಿಸುವ ಪ್ರಯೋಗಾಲಯದಲ್ಲಿ ಕೆಲಸಕ್ಕಿದ್ದಾಳೆ.

"ಅಜ್ಜಾ, ನಿಮ್ಮ ಚಿಮಣಿಗೆ ಒಂದು ವಾರ ನಮ್ಮ ಯಂತ್ರ ಕಟ್ಟಲಾ?"

"ಯಾಕಮ್ಮಾ, ನಮ್ಮ ಚಿಮಣಿ ನಿನಗೇನು ಮಾಡ್ತು? ರಸ್ತೆ ತುಂಬ ಗಾಡಿಗಳು ಹೊಗೆ ಉಗುಳ್ತಾ ಓಡ್ತಾವೆ, ಅವನ್ನ ಹಿಡಿ ಹೋಗು. ಇದು ಪಾಪ, ನಿಂತಲ್ಲೇ ನಿಂತಿದೆ."

"ನಿಂತಲ್ಲೇ ನಿಂತಿದೆ, ಅದಕ್ಕೇ ಅಜ್ಜಾ. ಗಾಡಿಗಳದ್ದೂ ತಪ್ಪಿದೆ. ಆದ್ರೆ ಬಾಯ್ಲರು, ಬೇಕರಿ ಒಲೆ, ಜನರೇಟರು ದಿನಾ ಅದೇ ಓಣಿಗೇ ಹೊಗೆ ಕುಡಿಸ್ತವೆ. ಇದನ್ನ ನಾವೊಬ್ರೇ ನೋಡ್ತಿಲ್ಲ, ಬೇರೆ ಬೇರೆ ದೇಶದವರು ಜೊತೆಗಿದ್ದಾರೆ. ಎಲ್ಲಾ ಕಡೆ ಒಂದೇ ಥರದ ಅಳತೆ. ಒಬ್ರಿಗೆ ದಾರಿ ಸಿಕ್ರೆ ಎಲ್ಲರಿಗೂ ಸಿಕ್ಕ ಹಾಗೆ."

"ಅಂತೂ ನಮ್ಮ ಹೊಗೆ ಪರದೇಶ ನೋಡ್ತದೆ, ನಾನು ಮಾತ್ರ ಇಲ್ಲೇ!" ಎಂದು ಅಜ್ಜ ನಕ್ಕು ಒಪ್ಪಿಕೊಂಡ. ಆದರೆ ಒಳಗೊಳಗೇ ಪುಕುಪುಕು. ಹೊಗೆ ಹೆಚ್ಚೆಂದು ಲಾಂಡ್ರಿಗೆ ಬೀಗ ಜಡಿದರೆ?

ಅವನೊಂದು ಉಪಾಯ ಹೂಡಿದ. ಚಿಮಣಿಯ ಮಸಿ ಕೆರೆದ. ದಿನವೂ ಉರಿಸುವ ಹಸಿ ಸೌದೆ, ಬೆಂಕಿ ಹೊತ್ತಿಸಲು ಇಟ್ಟುಕೊಂಡಿದ್ದ ಪ್ಲಾಸ್ಟಿಕ್ ಚೀಲ, ಚಿಂದಿ ಎಲ್ಲವನ್ನೂ ಮೂಲೆಗೆ ತಳ್ಳಿದ. ಚೆನ್ನಾಗಿ ಒಣಗಿದ ಸೌದೆ ತಂದು ಸಣ್ಣಗೆ ಸೀಳಿ, ಗಾಳಿಗಿಂಡಿ ತೆರೆದಿಟ್ಟು, ಸ್ವಲ್ಪ ಸ್ವಲ್ಪವೇ ಹಾಕುತ್ತ ಕೂತ.

"ಏನು ಇಷ್ಟೊಂದು ಸಿಂಗಾರ? ಬೀಗರು ಬರ್ತಾರಾ?" ಅಜ್ಜಿ ಕೇಳಿದಳು. ಅಜ್ಜ ಇನ್ನೊಂದು ಸೌದೆ ಸೀಳತೊಡಗಿದ.

ವಾರ ಕಳೆದು ದರ್ಜಿಯ ಮಗಳು ಹಿಗ್ಗುತ್ತ ಬಂದಳು.

"ಅಜ್ಜಾ, ಇಷ್ಟು ಕಡಿಮೆ ಹೊಗೆ ಎಲ್ಲೂ ಬಂದಿಲ್ಲ! ದಿನಾ ಹಾಕೋ ಹಸಿ ಸೌದೇನೇ ಹಾಕಿದ್ದು ತಾನೇ?"

"ಹೂಂ, ಅದೇ."

"ಹಾಗಾದ್ರೆ ಇವತ್ತೇ ಕಳಿಸ್ತೀನಿ. ಕಡಲಾಚೆ ಒಂದು ಊರಲ್ಲಿ ಥೇಟ್ ನಿಮ್ಮದರ ಹಾಗೇ ಲಾಂಡ್ರಿ ಇದೆ, ಅಲ್ಲೂ ಹಸಿ ಸೌದೇನೇ. ಅಲ್ಲಿನ ಅಜ್ಜನಿಗೂ ಮೊಮ್ಮಗನ ಕೆಮ್ಮಿನದೇ ಚಿಂತೆಯಂತೆ. ಹಸಿ ಸೌದೆಯಿಂದ ಏನೂ ತೊಂದರೆ ಇಲ್ಲ ಅಂತ ತಿಳಿದ್ರೆ ಅವರಿಗೂ ಸಮಾಧಾನ."

ಅಜ್ಜನ ನಗು ಅರ್ಧಕ್ಕೇ ನಿಂತಿತು. ಎಂದೂ ಕಾಣದ ಆ ಇನ್ನೊಬ್ಬ ಅಜ್ಜ, ತನ್ನ ಮಾತು ನಂಬಿ ಹಸಿ ಸೌದೆ ತುರುಕುತ್ತಿರುವ ಹಾಗೆ ಕಣ್ಣಿಗೆ ಕಟ್ಟಿತು. ಅಷ್ಟರಲ್ಲಿ ಅಜ್ಜಿ ಒಂದು ಹೊದಿಕೆ ಮಡಚುತ್ತ ಒಳಗಿನಿಂದ ಬಂದಳು.

"ಅದಿರಲಿ, ಈ ವಾರ ಪುಟ್ಟಿ ಕೆಮ್ಮಿದ್ದೇ ಕಡಿಮೆ ನೋಡಿದ್ರಾ? ನಿನ್ನೆ ಮೆಟ್ಟಿಲು ಓಡಿಕೊಂಡೇ ಹತ್ತಿದ್ಲು."

ಅಜ್ಜ ಸೌದೆಯ ದಿಮ್ಮಿಯ ಮೇಲೆ ಕೂತ.

"ಮಗಳೇ, ಆ ಲೆಕ್ಕ ಕಳಿಸ್ಬೇಡ. ನಿಮ್ಮ ಕಣ್ಣಿಗೆ ಮಣ್ಣೆರಚೋಕೆ ಒಣ ಸೌದೆ ಹಾಕ್ದೆ. ನೋಡೋಕೆ ಬಂದೋರಿಗೆ ಒಳ್ಳೇ ಬೆಂಕಿ ತೋರಿಸ್ದೆ. ನಮ್ಮ ಮಗೂಗೆ ಮಾತ್ರ ದಿನಾ ವಿಷ ಕುಡಿಸ್ತಿದ್ದೆನಲ್ಲಾ!"

ಅವಳು ಅವನ ಪಕ್ಕ ಕೂತಳು. "ನಾವು ಬರೋದು ಬೀಗ ಹಾಕೋಕಲ್ಲ ಅಜ್ಜಾ, ದಾರಿ ಹುಡುಕೋಕೆ. ಕಳ್ಳಾಟ ಆಡೋಕೆ ಹೋಗಿ ನೀವೇ ಅದನ್ನ ಹುಡುಕಿಬಿಟ್ರಿ. ನಿಜವಾದ ಹೊಗೇನೂ ಅಳೀತೀವಿ. ಎರಡನ್ನೂ ಪಕ್ಕಪಕ್ಕ ಇಟ್ರೆ ಎಲ್ಲಾ ದೇಶದವರಿಗೂ ಪಾಠ ಆಗ್ತದೆ."

ಪುಟ್ಟಿಯನ್ನು ಕೆಲವು ದಿನ ಚಿಕ್ಕಮ್ಮನ ಮನೆಗೆ ಕಳಿಸಿ, ಹಳೆಯ ಬೆಂಕಿಯನ್ನೇ ಹೊತ್ತಿಸಿ ಅಳೆದರು. ಯಂತ್ರದೊಳಗಿನ ಹೊಗೆ ಸೋಸುವ ಬಿಳಿ ಕಾಗದ ಇದ್ದಿಲಿನಷ್ಟು ಕಪ್ಪಾಗಿತ್ತು. ಅಜ್ಜ ಅದನ್ನು ನೋಡಿ, ಮಿಕ್ಕಿದ್ದ ಪ್ಲಾಸ್ಟಿಕ್ ಚೀಲಗಳನ್ನು ತಾನೇ ಹೊರಗೆ ಸಾಗಿಸಿದ. ಅಂದಿನಿಂದ ಬಾಯ್ಲರಿಗೆ ಹಸಿ ಸೌದೆ, ಪ್ಲಾಸ್ಟಿಕ್ ಬಂದ್. ಸ್ವಲ್ಪ ದಿನಕ್ಕೆ ಕಡಲಾಚೆಯ ಆ ಲಾಂಡ್ರಿಯವರು ತಾವು ಹೊಸದಾಗಿ ಹಾಕಿಸಿಕೊಂಡ ಮಸಿ ಹಿಡಿಯುವ ಪೆಟ್ಟಿಗೆಯ ಚಿತ್ರ ಕಳಿಸಿದರು. ಓಣಿಯ ವೆಲ್ಡಿಂಗ್ ಅಂಗಡಿಯವನು ಅದನ್ನು ನೋಡಿಕೊಂಡು ಇಲ್ಲಿನ ಚಿಮಣಿಗೂ ಒಂದು ಮಾಡಿ ಕೂರಿಸಿದ.

ಪುಟ್ಟಿ ಮನೆಗೆ ಬಂದಳು. ಒಂದು ತಿಂಗಳ ಮೇಲೆ ಡಾಕ್ಟರು ಎದೆ ಪರೀಕ್ಷಿಸಿ, "ಔಷಧಿ ಬಿಡಬೇಡಿ. ಮಗು ಇಲ್ಲೇ ಇರಲಿ" ಎಂದರು. ಅಜ್ಜ ಏನೋ ಕೆಲಸವಿದ್ದವನ ಹಾಗೆ ಬಾಯ್ಲರಿನ ಹಿಂದೆ ಹೋಗಿ ನಿಂತ.

ಅಜ್ಜಿ ಹಿಂದೆಯೇ ಬಂದಳು. "ಈಗ ಹೊಗೆ ಇಲ್ವಲ್ಲ, ಮತ್ಯಾಕೆ ಕಣ್ಣಲ್ಲಿ ನೀರು?"

ಓದುತ್ತಿರುವ ಅಕ್ಕ-ಅಣ್ಣಂದಿರೇ, ನಿಮ್ಮ ಓಣಿಯಲ್ಲೂ ಹೀಗೊಂದು ಚಿಮಣಿ ಇರಬಹುದು. ಅದರ ಒಲೆಗೆ ಒಣ ಸೌದೆಯನ್ನೇ ಹಾಕಿ; ಪ್ಲಾಸ್ಟಿಕ್, ಚಿಂದಿ ಸುಡಬೇಡಿ. ಹೊಗೆ ಅಳೆಯಲು ಬಂದವರಿಗೆ ಹೆದರದೆ ಇದ್ದದ್ದನ್ನು ಇದ್ದ ಹಾಗೇ ತೋರಿಸಿ. ನೀವು ತೋರಿಸುವ ನಿಜದಿಂದ ನಿಮ್ಮ ಮನೆಯ ಮಗುವೂ, ನೀವೆಂದೂ ಕಾಣದ ಊರಿನ ಮಗುವೂ ನೆಮ್ಮದಿಯಾಗಿ ಉಸಿರಾಡುತ್ತವೆ.