ಯಂಕಮ್ಮ ಮತ್ತು ಮುಗಿಯದ ಚಂದಾ

ಫೋನಿನಲ್ಲಿ ಮಾತು ಮುಗಿದರೂ "ಇಡ್ಲೇನ್ರಿ?" ಎಂದು ಕೇಳಿ, ಆ ಕಡೆಯಿಂದ ಅಪ್ಪಣೆ ಬರುವ ತನಕ ಕಿವಿಯಿಂದ ಇಳಿಸದವಳು ಸುರಪುರದ ರೊಟ್ಟಿ ಯಂಕಮ್ಮ. ಗ್ರಾಹಕ ಸೇವೆಯ ಧ್ವನಿಮುದ್ರಿತ ಹೆಣ್ಣುದನಿಗೂ ಆಕೆಯಿಂದ ಅದೇ ಮರ್ಯಾದೆ ಸಲ್ಲುತ್ತಿತ್ತು. ಒಂದನ್ನು ಒತ್ತಿ, ಎರಡನ್ನು ಒತ್ತಿ ಎಂದು ಅದು ಹೇಳಿದಷ್ಟೂ "ಹೌದ್ರಿ, ಒತ್ತೀನ್ರಿ" ಎನ್ನುತ್ತ, ಅಂಚೆ ಕಚೇರಿಯಲ್ಲಿ ಕೆಲಸಕ್ಕಿದ್ದು ತೀರಿಹೋದ ಗಂಡನ ಖಾಕಿ ಕೋಟನ್ನು ಸೀರೆಯ ಮೇಲೆ ತೊಟ್ಟು, ಎಡಗಾಲು ತುಸು ಎಳೆಯುತ್ತ ಒಲೆಯ ಮುಂದೆ ಅತ್ತಿಂದಿತ್ತ ಓಡಾಡುತ್ತಿದ್ದಳು.

ಮಗಳು ಕಸ್ತೂರಿಗೆ ವರ ಹುಡುಕಲು ಆಕೆ ವಧೂವರರ ಆ್ಯಪೊಂದಕ್ಕೆ ತಿಂಗಳ ಚಂದಾ ಕಟ್ಟಿ ಸದಸ್ಯಳಾಗಿದ್ದಳು. ಸಂಬಂಧ ಕೂಡಿಬಂದದ್ದು ಮಾತ್ರ ಕಕ್ಕೇರಾದಿಂದ ಬಂದು ರೊಟ್ಟಿ ಒಯ್ಯುತ್ತಿದ್ದ ಅಂಗಡಿಯವರ ಮೂಲಕ. ಲಗ್ನವಾದ ವಾರದಲ್ಲೇ ಸದಸ್ಯತ್ವ ರದ್ದು ಮಾಡಿಸಿದಳು. ರದ್ದಾಯಿತೆಂಬ ಸಂದೇಶವೂ ಬಂತು. ಆದರೂ ನಾಲ್ಕು ತಿಂಗಳು, ಐದನೆಯ ತಾರೀಖಿಗೆ, ಖಾತೆಯಿಂದ ಐದುನೂರು ರೂಪಾಯಿ ಕಡಿತವಾಗುತ್ತಲೇ ಹೋಯಿತು. ಹೋದ ದುಡ್ಡಿಗಿಂತ ಆಕೆಯನ್ನು ಕಂಗೆಡಿಸಿದ್ದು ಬೇರೊಂದು ಶಂಕೆ: ಹಣ ಪಡೆಯುತ್ತಿದ್ದಾರೆಂದರೆ, ಗಂಡನ ಮನೆ ಸೇರಿದ ಮಗಳ ಫೋಟೊವನ್ನು ಇನ್ನೂ ಕಂಡಕಂಡವರಿಗೆ ತೋರಿಸುತ್ತಿದ್ದಾರೆಯೇ? ಬೀಗರ ಕಣ್ಣಿಗೆ ಬಿದ್ದರೆ?

ಬ್ಯಾಂಕಿಗೆ ಹೋಗಿ, ಗುಮಾಸ್ತ ಬಸಲಿಂಗನ ಮುಂದೆ ಅರಿಶಿನ ಹಚ್ಚಿದ ಲಗ್ನಪತ್ರಿಕೆಯನ್ನು ಸಾಕ್ಷಿಯಾಗಿ ಇಟ್ಟಳು.

"ಇದು ಬ್ಯಾಡ್ರಿ ಯಂಕಮ್ಮ, ರದ್ದಾದ ಮೆಸೇಜ್ ತೋರಸ್ರಿ," ಎಂದ ಆತ. "ಸದಸ್ಯತ್ವ ಬ್ಯಾರಿ, ರೊಕ್ಕ ತಾನ ಕಟ್ ಆಗಾಕ ಕೊಟ್ಟ ಒಪ್ಪಿಗಿ ಬ್ಯಾರಿ. ಅದಿನ್ನೂ ಚಾಲೂ ಅದ."

"ಲಗ್ನ ಆಗ್ಯಾದಂತ ಹೇಳಿದ ಮ್ಯಾಲೂ ಒಪ್ಪಿಗಿ ಹ್ಯಾಂಗ ಉಳೀತದ್ರಿ?"

ಬಸಲಿಂಗ ಆಕೆಯ ಫೋನು ಇಸಿದುಕೊಂಡ. ಒಪ್ಪಿಗೆಯನ್ನು ಅದರಲ್ಲೇ ನಿಲ್ಲಿಸಿದ. ಸಂದೇಶವನ್ನು ಲಗತ್ತಿಸಿ ಕಂಪನಿಗೂ ಬ್ಯಾಂಕಿಗೂ ದೂರು ಬರೆದುಕೊಟ್ಟ. ಇಪ್ಪತ್ತು ದಿನಕ್ಕೆ ಎರಡು ತಿಂಗಳ ಹಣ ಮರಳಿತು. ಉಳಿದದ್ದು ನಿಯಮದ ಪ್ರಕಾರ ಬಾರದೆಂಬ ಉತ್ತರವೂ ಅದರೊಂದಿಗೆ ಬಂತು. ಯಾವ ನಿಯಮವೆಂದು ಯಾರೂ ಹೇಳಲಿಲ್ಲ.

ಕೊನೆಗೆ ಧೈರ್ಯ ಮಾಡಿ ಅಳಿಯ ಮಲ್ಲುವನ್ನೇ ಕೇಳಿದಳು. ಆತ ಆ್ಯಪಿನಲ್ಲಿ ಹುಡುಕಿ ನೋಡಿ, "ಕಸ್ತೂರಿ ಫೋಟೊ ಎಲ್ಲೂ ಇಲ್ರಿ ಅತ್ತಿ, ಎಂದೋ ತಗದಾರ," ಎಂದ. ಎದೆಯ ಭಾರ ಇಳಿಯಿತು. ಗೊಂದಲ ಮಾತ್ರ ದುಪ್ಪಟ್ಟಾಯಿತು.

"ಮತ್ತ ಯಾತರ ಸಲುವಾಗಿ ರೊಕ್ಕ ತಗೊಂಡಾರ್ರಿ?"

ಯಂಕಮ್ಮನಂಥವರ ಪಾಲಿಗೆ ಹಣ ಕೊಡುವುದೆಂದರೆ ಎದುರಿಗೊಬ್ಬ ಮನುಷ್ಯನಿದ್ದು, ಅವನೊಂದು ಕೆಲಸ ಮಾಡಿಕೊಟ್ಟು, ಕೈಯೊಡ್ಡಬೇಕು. ಮೋಸಹೋದಾಗಲೂ ಅವರು ಮೊದಲು ಕಾರಣ ಹುಡುಕುತ್ತಾರೆ. ಅದು ಸಿಗದಿದ್ದರೆ, ಲೋಕ ತಪ್ಪಿರಬಹುದೆಂಬ ಅನುಮಾನ ಬರುವುದಕ್ಕೆ ಎಷ್ಟೋ ಮುಂಚೆ, ತಮ್ಮ ತಿಳಿವಳಿಕೆಯಲ್ಲೇ ಏನೋ ಕೊರತೆಯಿದೆಯೆಂದು ಒಪ್ಪಿಕೊಂಡುಬಿಡುತ್ತಾರೆ.